ಓದುಗರ ಪ್ರಶ್ನೆ: ತಲೆಗೂ ರಸ್ತೆಗೂ ನಡುವಿನ ಒಂದಿಂಚು

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಬೈಕು ಜಾರುವುದೂ ಹೆಲ್ಮೆಟ್ಟು ನೆನೆಯುವುದೂ ದಿನದ ಮಾತು. ಈ ಸಲ ಬಂದ ಪತ್ರಗಳಲ್ಲಿ ಹೆಲ್ಮೆಟ್ಟಿನವೇ ಹೆಚ್ಚಿದ್ದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಒಗೆಯೋಣ ಅಂತ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿದರೆ ಅಡಿಯಲ್ಲಿ ಬರೀ ಥರ್ಮಾಕೋಲು! ಟಿ.ವಿ. ಡಬ್ಬದಲ್ಲಿ ಬರುವಂಥದ್ದೇ. ಎರಡು ಸಾವಿರ ಕೊಟ್ಟು ತಂದದ್ದು. ಮೋಸ ಹೋದೆನೇ? (ವಿನೋಬನಗರ, ಶಿವಮೊಗ್ಗ)

ಉತ್ತರ: ಮೋಸವಿಲ್ಲ. ನಿಮ್ಮ ಎರಡು ಸಾವಿರದಲ್ಲಿ ತಲೆ ಉಳಿಸುವ ಕೆಲಸದ ದೊಡ್ಡ ಪಾಲು ಆ ಥರ್ಮಾಕೋಲಿನದೇ. ಮೇಲಿನ ಬಣ್ಣ, ಗೆರೆ, ಮಿನುಗುವ ಅಕ್ಷರ ಇವಕ್ಕೆ ಹೆಚ್ಚು ದುಡ್ಡು ಹೋಗಿರಬಹುದು, ಅದು ಬೇರೆ ವಿಷಯ.

ಬಿದ್ದಾಗ ತಲೆಗೆ ಏಟಾಗುವುದು ವೇಗದಿಂದಲ್ಲ, ಆ ವೇಗ ಎಷ್ಟು ಕಡಿಮೆ ದೂರದಲ್ಲಿ ನಿಂತುಹೋಯಿತು ಎಂಬುದರಿಂದ. ತಲೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿ ಡಾಂಬರಿಗೆ ಬಡಿಯಿತು ಎಂದುಕೊಳ್ಳಿ. ಬರಿತಲೆಯಾದರೆ ಚರ್ಮ, ಕೂದಲು ಸೇರಿ ತಗ್ಗಲು ಸಿಗುವುದು 3 ಮಿಲಿಮೀಟರ್ ಇದ್ದೀತು. ಅಷ್ಟರಲ್ಲಿ ನಿಲ್ಲಬೇಕಾದರೆ ತಲೆಯ ಮೇಲೆ ಬೀಳುವ ಹಿಂಜಗ್ಗು (ವೇಗವನ್ನು ಥಟ್ಟನೆ ತಗ್ಗಿಸುವ ಎಳೆತ) ಗುರುತ್ವದ 600 ಪಟ್ಟು. ಅದೇ ತಲೆ 30 ಮಿ.ಮೀ. ದೂರದಲ್ಲಿ ನಿಧಾನವಾಗಿ ನಿಂತರೆ 60 ಪಟ್ಟು. ಲೆಕ್ಕದಲ್ಲಿ ಬಂದದ್ದು ಸರಾಸರಿ, ನಿಜದ ಪೆಟ್ಟಿನಲ್ಲಿ ಮಧ್ಯೆ ಒಂದು ಕ್ಷಣ ಇದಕ್ಕಿಂತ ಬಹಳ ಮೇಲೇರುತ್ತದೆ. ಆದರೂ ದೂರ ಹತ್ತು ಪಟ್ಟು ಹೆಚ್ಚಿದರೆ ಏಟು ಹತ್ತರಲ್ಲೊಂದು ಎಂಬ ಲೆಕ್ಕ ತಪ್ಪುವುದಿಲ್ಲ. ಹೆಲ್ಮೆಟ್ಟು ನಿಮಗೆ ಕೊಡುವುದು ಆ ದೂರವನ್ನು, ಹೆಚ್ಚುಕಡಿಮೆ ಒಂದಿಂಚನ್ನು.

ಥರ್ಮಾಕೋಲೇ ಏಕೆ? ಮಂಡಕ್ಕಿ ಭಟ್ಟಿ ನೋಡಿದವರಿಗೆ ಹೇಳುವುದು ಸುಲಭ. ಸಕ್ಕರೆ ಹರಳಿನಷ್ಟು ದಪ್ಪದ ಪಾಲಿಸ್ಟೈರೀನ್ ಕಾಳುಗಳಲ್ಲಿ ಪೆಂಟೇನ್ ಎಂಬ, ಬಿಸಿಗೆ ಬೇಗ ಆವಿಯಾಗುವ ದ್ರವ ಸೇರಿರುತ್ತದೆ. ಆವಿ ಹಾಯಿಸಿದಾಗ ಕಾಳು ಅರಳುತ್ತದೆ. ಅರಳಿದ್ದನ್ನು ಅಚ್ಚಿಗೆ ಹಾಕಿ ಮತ್ತೆ ಆವಿ ಕೊಟ್ಟರೆ ಒಂದಕ್ಕೊಂದು ಅಂಟಿಕೊಂಡು ಹೆಲ್ಮೆಟ್ಟಿನ ಆಕಾರಕ್ಕೆ ಬರುತ್ತದೆ. ಈಗ ಒಂದು ಹಿಡಿ ಮಂಡಕ್ಕಿಯನ್ನು ಮುಷ್ಟಿಯಲ್ಲಿ ಅದುಮಿ. ಪುಡಿಯಾಗುತ್ತದೆ, ಕೈ ಬಿಟ್ಟರೆ ಮೊದಲಿನಂತೆ ಆಗುವುದಿಲ್ಲ. ಥರ್ಮಾಕೋಲೂ ಹಾಗೆಯೇ. ಅದರ ಸಾವಿರಾರು ಗುಳ್ಳೆಗಳ ಗೋಡೆ ಒಂದೊಂದಾಗಿ ಮಡಚಿ ಮುರಿಯುತ್ತ ಹೋಗುತ್ತವೆ. ಮುರಿಯಲು ಬೇಕಾದ ಶಕ್ತಿಯನ್ನು ಬೀಳುವ ತಲೆಯಿಂದಲೇ ಕಿತ್ತುಕೊಳ್ಳುತ್ತವೆ. ಹೆಚ್ಚಿನ ಪಾಲು ಅಲ್ಲೇ ಖರ್ಚಾಗಿಬಿಡುತ್ತದೆ.

ರಬ್ಬರು ಹಾಕಿದ್ದರೆ? ಅದು ಅದುಮಿಸಿಕೊಂಡು, ಮರುಕ್ಷಣ ಆ ಶಕ್ತಿಯನ್ನು ತಲೆಗೇ ವಾಪಸು ಕೊಡುತ್ತದೆ. ತಲೆ ಪುಟಿಯುತ್ತದೆ, ಮಿದುಳು ಎರಡು ಸಲ ಕುಲುಕುತ್ತದೆ. ಬರೀ ಸ್ಪಂಜು ಹಾಕಿದ್ದರೆ? ಬೆರಳಿಗೇ ತಳ ಮುಟ್ಟುವ ಸ್ಪಂಜು ತಲೆಗೆ ಏನು ತಡೆ ಒಡ್ಡೀತು?

ಟಿ.ವಿ. ಡಬ್ಬದ್ದಕ್ಕೂ ಇದಕ್ಕೂ ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಡಬ್ಬದ ಥರ್ಮಾಕೋಲು ಘನ ಮೀಟರಿಗೆ 15ರಿಂದ 20 ಕಿಲೋ ತೂಗುತ್ತದೆ. ಹೆಲ್ಮೆಟ್ಟಿನದು ಸುಮಾರು 40ರಿಂದ 70 ಕಿಲೋ, ಹೆಚ್ಚು ಬಿಗಿ. ಮೆತ್ತಗಿದ್ದರೆ ತಲೆ ಬೇಗ ತಳ ಮುಟ್ಟುತ್ತದೆ, ಗಟ್ಟಿಯಿದ್ದರೆ ತಗ್ಗುವುದೇ ಇಲ್ಲ, ತಲೆಯೇ ಏಟು ತಿನ್ನುತ್ತದೆ. ಆದ್ದರಿಂದ ಒಳ್ಳೆಯ ತಯಾರಕರು ನೆತ್ತಿಗೊಂದು, ಬದಿಗೊಂದು ಹದದ ಪದರ ಹಾಕುತ್ತಾರೆ. ಇನ್ನೊಂದು ಮಾತು: 40 ಮಿ.ಮೀ. ದಪ್ಪವಿದ್ದರೆ 40 ಮಿ.ಮೀ. ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಮೂರರಲ್ಲಿ ಎರಡು ಪಾಲು ಅದುಮಿದ ಮೇಲೆ ಉಳಿದದ್ದು ಕಲ್ಲಿನಂತೆ ಗಿಡಿದುಕೊಳ್ಳುತ್ತದೆ.

ಹಾಗಾದರೆ ಹೊರಚಿಪ್ಪಿನ ಕೆಲಸವೇನು? ಮೂರು. ಜಲ್ಲಿಯ ಮೊನೆ ಒಂದೇ ಕಡೆ ಚುಚ್ಚದಂತೆ ಪೆಟ್ಟನ್ನು ಅಗಲಕ್ಕೆ ಹರಡುವುದು, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುವುದು, ರಸ್ತೆಗೆ ಕಚ್ಚಿಕೊಳ್ಳದೆ ಜಾರುವುದು. ಎಬಿಎಸ್, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕುಗಳ ಚಿಪ್ಪುಗಳು ಬಗ್ಗುತ್ತವೆ, ಫೈಬರ್ ಚಿಪ್ಪು ಪದರ ಪದರವಾಗಿ ಬಿರಿದು ತಾನೂ ಸ್ವಲ್ಪ ಶಕ್ತಿ ನುಂಗುತ್ತದೆ. ಅಂಗಡಿಯಲ್ಲಿ ಚಿಪ್ಪಿಗೆ ಗುದ್ದಿ "ನೋಡಿ, ಎಷ್ಟು ಗಟ್ಟಿ" ಎಂದು ತೋರಿಸುವವರು ಥರ್ಮಾಕೋಲಿನ ಮಾತೇ ಎತ್ತುವುದಿಲ್ಲ.

ಪ್ರಶ್ನೆ: ಹೆಲ್ಮೆಟ್ಟುಗಳನ್ನು ಗಂಟೆಗೆ 25-30 ಕಿ.ಮೀ. ವೇಗದಲ್ಲಷ್ಟೇ ಪರೀಕ್ಷೆ ಮಾಡುತ್ತಾರಂತೆ. ನಾವು ಓಡಿಸುವುದು 60ರಲ್ಲಿ. ಏನು ಪ್ರಯೋಜನ? (ಸಾಗರ)

ಉತ್ತರ: ಅಂಕಿ ಸರಿಯಿದೆ. ಯುರೋಪಿನ ಇಸಿಇ 22.05 ನಿಯಮದಲ್ಲಿ ತಲೆಯಾಕಾರದ ಅಚ್ಚಿಗೆ ಹೆಲ್ಮೆಟ್ಟು ತೊಡಿಸಿ ಸೆಕೆಂಡಿಗೆ 7.5 ಮೀಟರ್, ಅಂದರೆ 27 ಕಿ.ಮೀ. ವೇಗದಲ್ಲಿ ಕಬ್ಬಿಣದ ಅಡಿಗಲ್ಲಿನ ಮೇಲೆ ಬೀಳಿಸುತ್ತಾರೆ. ಒಳಗಿನ ಹಿಂಜಗ್ಗು ಗುರುತ್ವದ 275 ಪಟ್ಟು ಮೀರಬಾರದು. ಈಗಿನ 22.06ರಲ್ಲಿ 6 ಮತ್ತು 8.2 ಮೀಟರ್ ವೇಗದ ಪರೀಕ್ಷೆಗಳೂ, ಓರೆಯಾಗಿ ಬಡಿಸುವ ಪರೀಕ್ಷೆಯೂ ಸೇರಿವೆ.

ಬೈಕಿನ ವೇಗವೂ ತಲೆ ನೆಲಕ್ಕೆ ಬಡಿಯುವ ವೇಗವೂ ಒಂದೇ ಅಲ್ಲ ಎಂಬುದು ಇಲ್ಲಿನ ಗುಟ್ಟು. ಸಾಗರ ರಸ್ತೆಯಲ್ಲಿ 60ರಲ್ಲಿ ಹೋಗುತ್ತಿದ್ದಾಗ ಗಾಡಿ ಜಾರಿತು ಎನ್ನಿ. ನಿಮಗೆ ಎರಡು ವೇಗಗಳಿರುತ್ತವೆ. ರಸ್ತೆಯ ಉದ್ದಕ್ಕೆ 60, ಅದು ಜಾರುತ್ತ ಉಜ್ಜುತ್ತ ಕರಗುತ್ತದೆ. ನೆಲದ ಕಡೆಗೆ ಬೀಳುವ ವೇಗವನ್ನು ನಿರ್ಧರಿಸುವುದು ತಲೆಯ ಎತ್ತರ ಮಾತ್ರ. ಸುಮಾರು ಒಂದೂಮುಕ್ಕಾಲು ಗಜದಿಂದ, ಅಂದರೆ 1.6 ಮೀಟರಿನಿಂದ ಬಿದ್ದರೆ ಸೆಕೆಂಡಿಗೆ 5.6 ಮೀಟರ್, ಗಂಟೆಗೆ 20 ಕಿ.ಮೀ. ಗಾಡಿ 30ರಲ್ಲಿದ್ದರೂ 80ರಲ್ಲಿದ್ದರೂ ಇದು ಹೆಚ್ಚುಕಡಿಮೆ ಅಷ್ಟೇ. ಪರೀಕ್ಷೆಯ ವೇಗ ಅದಕ್ಕಿಂತ ಮೇಲಿದೆ.

60ರಲ್ಲೇ ನೇರವಾಗಿ ಮರಕ್ಕೋ ಜಂಬಿಟ್ಟಿಗೆ ಕಟ್ಟೆಗೋ ತಲೆ ಕೊಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ. ಶಕ್ತಿ ವೇಗದ ವರ್ಗಕ್ಕೆ ಏರುವುದರಿಂದ 27ರ ಪರೀಕ್ಷೆಗೆ ಹೋಲಿಸಿದರೆ 60ರಲ್ಲಿ ಹತ್ತಿರ ಹತ್ತಿರ ಐದು ಪಟ್ಟು. ಒಂದಿಂಚಿನಲ್ಲಿ ಅದನ್ನು ನುಂಗುವ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಗುಂಬೆ, ಹುಲಿಕಲ್ ಘಾಟಿಗಳ ತಿರುವಿನಲ್ಲಿ ಕಟ್ಟೆ ಎದುರಿಗೇ ಇರುತ್ತದೆ ಎಂಬುದನ್ನು ಹೆಲ್ಮೆಟ್ಟಿನ ಧೈರ್ಯದಲ್ಲಿ ಮರೆಯಬೇಡಿ.

ಓರೆ ಪೆಟ್ಟಿನ ಮಾತು ಬಂದದ್ದಕ್ಕೆ: ತಲೆ ತಿರುಚಿದಂತೆ ತಿರುಗಿದಾಗ ಮಿದುಳಿಗೆ ಆಗುವ ಹಾನಿ ನೇರ ಪೆಟ್ಟಿಗಿಂತ ಬೇರೆ ಬಗೆಯದು. ಕೆಲವು ಹೆಲ್ಮೆಟ್ಟುಗಳಲ್ಲಿ ಒಳಗೆ ಹಳದಿ ಪ್ಲಾಸ್ಟಿಕ್ಕಿನ ತೆಳು ಪದರ ಕಾಣುತ್ತದಲ್ಲ, ಮಿಪ್ಸ್ ಎನ್ನುತ್ತಾರೆ, ಸ್ವೀಡನ್ನಿನವರದು. ಬಡಿದ ಕ್ಷಣ ಅದು 10-15 ಮಿ.ಮೀ. ಜಾರಿ ಆ ತಿರುಚನ್ನು ಕಡಿಮೆ ಮಾಡುತ್ತದೆ.

ಪ್ರಶ್ನೆ: ಸೀಟಿನ ಮೇಲಿಂದ ಹೆಲ್ಮೆಟ್ಟು ಉರುಳಿ ಸಿಮೆಂಟು ನೆಲಕ್ಕೆ ಬಿತ್ತು. ಒಮ್ಮೆ ಬಿದ್ದದ್ದನ್ನು ಎಸೆಯಬೇಕು ಎನ್ನುತ್ತಾರೆ. ನಿಜವೇ? (ತೀರ್ಥಹಳ್ಳಿ)

ಉತ್ತರ: ಖಾಲಿ ಬಿದ್ದದ್ದಾದರೆ ಗಾಬರಿ ಬೇಡ. ಥರ್ಮಾಕೋಲು ಜಜ್ಜುವುದು ಚಿಪ್ಪಿಗೂ ತಲೆಗೂ ನಡುವೆ ಸಿಕ್ಕಿಕೊಂಡಾಗ. 1.3 ಕಿಲೋದ ಖಾಲಿ ಹೆಲ್ಮೆಟ್ಟು 80 ಸೆಂ.ಮೀ. ಎತ್ತರದಿಂದ ಬಿದ್ದರೆ 10 ಜೌಲ್ ಶಕ್ತಿ. 5 ಕಿಲೋದ ತಲೆ ಸೆಕೆಂಡಿಗೆ 6 ಮೀಟರಿನಲ್ಲಿ ಬಡಿದರೆ 90 ಜೌಲ್. ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು, ಒತ್ತಿದಾಗ ಕಿರ್ರ್ ಎನ್ನುವ ಸದ್ದು, ಚಿಪ್ಪಿಗೂ ಥರ್ಮಾಕೋಲಿಗೂ ನಡುವೆ ಬಿಟ್ಟುಕೊಂಡ ಸಂದು, ಅಲುಗುವ ರಿವೆಟ್ಟು ಇವುಗಳಲ್ಲಿ ಒಂದು ಕಂಡರೂ ಬದಲಿಸಿ.

ತಲೆಯಲ್ಲಿದ್ದಾಗ ಬಿದ್ದು ಬಡಿದದ್ದಾದರೆ ಮರುಮಾತಿಲ್ಲ, ಹೊಸದು ತನ್ನಿ. ಹೊರಗೆ ಬರೀ ಗೀರು ಕಾಣಬಹುದು. ಚಿಪ್ಪು ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬಂದಿರುತ್ತದೆ, ಥರ್ಮಾಕೋಲೂ ಸ್ವಲ್ಪ ಉಬ್ಬಿಕೊಂಡು ಸರಿಯಿದ್ದಂತೆ ತೋರುತ್ತದೆ. ಆದರೆ ಒಳಗಿನ ಗುಳ್ಳೆಗಳು ಒಡೆದಾಗಿದೆ. ಅದೇ ಜಾಗಕ್ಕೆ ಎರಡನೇ ಪೆಟ್ಟು ಬಿದ್ದರೆ ತಡೆಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಬಣ್ಣ ಹೊಡೆಸಿ ಮಾರುವ ಹಳೆಯ ಹೆಲ್ಮೆಟ್ಟು ಕೊಳ್ಳಬಾರದು ಎನ್ನುವುದು ಇದಕ್ಕೇ.

ಬೀಳುವುದಕ್ಕಿಂತ ಹೆಚ್ಚು ಹೆಲ್ಮೆಟ್ಟು ಕೆಡಿಸುವುದು ಕನ್ನಡಿ. ಗಾಡಿ ನಿಲ್ಲಿಸಿ ಹೆಲ್ಮೆಟ್ಟನ್ನು ಸೈಡ್ ಮಿರರಿಗೆ ಸಿಕ್ಕಿಸುವ ಅಭ್ಯಾಸ ಎಲ್ಲರಿಗೂ ಇದೆ. ಕನ್ನಡಿಯ ಅಂಚು ದಿನವೂ ನೆತ್ತಿಯ ಥರ್ಮಾಕೋಲಿನ ಅದೇ ಜಾಗವನ್ನು ಒತ್ತಿ ಗುಳಿ ಮಾಡುತ್ತದೆ. ಬಟ್ಟೆ ಬಿಚ್ಚಿ ಬೆರಳಾಡಿಸಿ ನೋಡಿ, ಗೊತ್ತಾಗುತ್ತದೆ.

ಏನೂ ಆಗದಿದ್ದರೂ ದಿನಬಳಕೆಯದಾದರೆ ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು. ಅಷ್ಟರಲ್ಲಿ ಕೆನ್ನೆಯ ಮೆತ್ತೆ ಚಪ್ಪಟೆಯಾಗಿ, ಅಂಟು ಬಿಟ್ಟು, ಪಟ್ಟಿ ನವೆದಿರುತ್ತದೆ. ತಯಾರಾದ ತಿಂಗಳು, ವರ್ಷ ಒಳಗಿನ ಚೀಟಿಯಲ್ಲಿ ಇರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹೆಲ್ಮೆಟ್ಟು ಒಣಗುವುದೇ ಇಲ್ಲ, ಬೂಷ್ಟು ವಾಸನೆ. ಬಚ್ಚಲ ಒಲೆಯ ಮೇಲೆ ಇಡಬಹುದೇ? ಪೆಟ್ರೋಲಿನಲ್ಲಿ ಒರೆಸಿದರೆ ಚೆನ್ನಾಗಿ ಹೊಳೆಯುತ್ತದೆ, ತಪ್ಪೇ? (ಹೊಸನಗರ)

ಉತ್ತರ: ಎರಡೂ ಬೇಡ. ಥರ್ಮಾಕೋಲು ನೀರಿಗೆ ಹೆದರುವುದಿಲ್ಲ, ಶಾಖಕ್ಕೆ ಹೆದರುತ್ತದೆ. 80 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಗ್ಗತೊಡಗುತ್ತದೆ. ಹಂಡೆಯ ಮೇಲಿನ ಬಿಸಿ ಹೊಗೆ ಕಂಬಳಿಗೆ ಸರಿ, ಹೆಲ್ಮೆಟ್ಟಿಗಲ್ಲ. ಕುಗ್ಗಿದ್ದು ಕಣ್ಣಿಗೆ ಬೀಳುವುದಿಲ್ಲ, ಚಿಪ್ಪಿನೊಳಗೆ ಸಡಿಲವಾದಾಗಲೇ ತಿಳಿಯುವುದು.

ಪೆಟ್ರೋಲು ಇನ್ನೂ ಕೆಟ್ಟದ್ದು. ಒಂದು ಚೂರು ಥರ್ಮಾಕೋಲಿನ ಮೇಲೆ ನಾಲ್ಕು ಹನಿ ಹಾಕಿ ನೋಡಿ, ಬೆಲ್ಲ ಕರಗಿದಂತೆ ಕರಗುತ್ತದೆ. ಪಾಲಿಕಾರ್ಬೊನೇಟ್ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಬಿರುಕು ಏಳಿಸುತ್ತದೆ. ಸೀಮೆಎಣ್ಣೆ, ಥಿನ್ನರ್, ಸ್ಪ್ರೇ ಬಣ್ಣ, ಸ್ಟಿಕ್ಕರಿನ ಅಂಟು ಬಿಡಿಸುವ ದ್ರವ ಎಲ್ಲವೂ ಇದೇ ಜಾತಿ. ನಮ್ಮ ಕಡೆಗೇ ಸೇರಿದ ಇನ್ನೆರಡು: ಕಪಾಟಿನಲ್ಲಿಡುವ ನುಸಿಗುಳಿಗೆ, ಮತ್ತು ಕಾಡಿಗೆ ಹೋಗುವಾಗ ಉಣುಗು ಹತ್ತದಿರಲೆಂದು ಮೈಗೆ ಹಚ್ಚುವ ಡಿಎಂಪಿಯಂಥ ಎಣ್ಣೆ. ಮಂಗನ ಕಾಯಿಲೆಯ ಊರುಗಳಲ್ಲಿ ಆ ಎಣ್ಣೆ ಬೇಕೇ ಬೇಕು, ಆದರೆ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆ ಹೆಲ್ಮೆಟ್ಟು ಮುಟ್ಟಿ. ಸೊಳ್ಳೆ ಮುಲಾಮಿಗೂ ಇದೇ ಮಾತು.

ತೊಳೆಯುವ ಕ್ರಮ ಹೀಗೆ. ಬಿಚ್ಚಲು ಬರುವ ಮೆತ್ತೆಗಳನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ತಲೆಗೆ ಹಾಕುವ ಶಾಂಪೂ ಬೆರೆಸಿ ಅರ್ಧ ಗಂಟೆ ನೆನೆಸಿ. ಹಿಂಡಬೇಡಿ, ಎರಡು ಅಂಗೈ ನಡುವೆ ಅದುಮಿ ನೀರು ತೆಗೆಯಿರಿ. ಹೊರಚಿಪ್ಪಿಗೆ ಅದೇ ಶಾಂಪೂ ನೀರಿನ ಬಟ್ಟೆ ಸಾಕು. ಒಳಗೆ ಹಳೆಯ ಪೇಪರು ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ರಾತ್ರಿ ಫ್ಯಾನಿನ ಕೆಳಗೆ ಬೋರಲಾಗಿಡದೆ ಬಾಯಿ ಮೇಲೆ ಮಾಡಿ ಇಡಿ. ಜುಲೈಯಲ್ಲಿ ಮೆತ್ತೆ ಒಣಗಲು ಎರಡು ರಾತ್ರಿ ಬೇಕು. ಬಿಡಿ ಮೆತ್ತೆ ಮಾರುವ ಕಂಪನಿಯದಾದರೆ ಇನ್ನೊಂದು ಜೊತೆ ತಂದಿಟ್ಟುಕೊಳ್ಳಿ, ಮಳೆಗಾಲಕ್ಕೆ ಅದರಷ್ಟು ಉಪಕಾರ ಬೇರೆಯಿಲ್ಲ.

ಗಾಜಿಗೆ ಮಂಜು ಕಟ್ಟುವ ಬಗ್ಗೆಯೂ ಕೇಳಿದ್ದೀರಿ. ಪಾತ್ರೆ ತೊಳೆಯುವ ದ್ರವವನ್ನು ಒಂದು ಹನಿ ಒಳಬದಿಗೆ ಸವರಿ, ಒಣಬಟ್ಟೆಯಲ್ಲಿ ಕಾಣದಷ್ಟು ಒರೆಸಿ. ಒಂದೆರಡು ದಿನ ಬರುತ್ತದೆ. ಗೀರು ಬಿದ್ದ ಗಾಜು ಎದುರಿನ ದೀಪವನ್ನು ನಕ್ಷತ್ರ ಮಾಡಿ ತೋರಿಸುತ್ತದೆ, ಅದನ್ನು ಬದಲಿಸಲು ಜಿಪುಣತನ ಬೇಡ. ಕಪ್ಪು ಗಾಜು ಮಲೆನಾಡಿನ ಮಳೆಗಾಲಕ್ಕೆ ಅಲ್ಲವೇ ಅಲ್ಲ.

ಪ್ರಶ್ನೆ: ನಾನು ಹಿಂದೆ ಕೂರುವವಳು. ತುರುಬು ಕಟ್ಟಿದರೆ ಹೆಲ್ಮೆಟ್ಟು ಪೂರ್ತಿ ಇಳಿಯುವುದಿಲ್ಲ. ಟೊಪ್ಪಿಯಂಥ ಅರ್ಧ ಹೆಲ್ಮೆಟ್ಟು ಸಾಲದೇ? (ಸೊರಬ)

ಉತ್ತರ: ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ಟು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ದಂಡ ತಪ್ಪಿಸಲು ಹುಟ್ಟಿದ ಆ ಟೊಪ್ಪಿಗಳಲ್ಲಿ ಬಹಳಷ್ಟಕ್ಕೆ ಒಳಗೆ ಸ್ಪಂಜು ಬಿಟ್ಟರೆ ಏನೂ ಇಲ್ಲ. ಕಿವಿಯ ಮೇಲಿನ ಮೂಳೆ ತಲೆಯಲ್ಲೇ ತೆಳುವಾದ ಜಾಗ, ಅಲ್ಲಿಗೆ ಟೊಪ್ಪಿ ಮುಟ್ಟುವುದೂ ಇಲ್ಲ.

ಕೂದಲನ್ನು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿ ಅಥವಾ ಸಡಿಲ ಜಡೆ ಹಾಕಿ, ಹೆಲ್ಮೆಟ್ಟಿನ ಅಂಚಿನ ಕೆಳಗೆ ಬರುವಂತೆ. ಮೇಲೆ ತುರುಬಿದ್ದರೆ ಹೆಲ್ಮೆಟ್ಟು ಹಣೆಯಿಂದ ಹಿಂದಕ್ಕೆ ಸರಿದು ನಿಲ್ಲುತ್ತದೆ, ಬಿದ್ದಾಗ ಮೊದಲು ತಾಗುವುದು ಹಣೆಯೇ. ಅಳತೆ ಪಟ್ಟಿಯನ್ನು ಹುಬ್ಬಿನಿಂದ ಒಂದಿಂಚು ಮೇಲೆ ಸುತ್ತ ಹಿಡಿದು ಸೆಂಟಿಮೀಟರಿನಲ್ಲಿ ನೋಡಿ. 58 ಬಂದರೆ 58ರದ್ದೇ ಬೇಕು. "ಸ್ವಲ್ಪ ಲೂಸಿದ್ದರೆ ಆರಾಮ" ಎನ್ನುವ ಮಾತು ಕೇಳಬೇಡಿ, ಮೆತ್ತೆ ಒಂದೆರಡು ತಿಂಗಳಲ್ಲಿ ತಾನೇ ಸಡಿಲವಾಗುತ್ತದೆ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡಿರಿ. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ತಲೆ ಅಲ್ಲಾಡಿಸಿದರೆ ಚರ್ಮ ಹೆಲ್ಮೆಟ್ಟಿನ ಜೊತೆ ಸರಿಯಬೇಕು. ಕೊನೆಗೆ ಪಟ್ಟಿ ಬಿಗಿದು, ಗಲ್ಲಕ್ಕೂ ಪಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರದಂತೆ ನೋಡಿ, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಲು ಯಾರಿಗಾದರೂ ಹೇಳಿ. ಕಳಚಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಪಟ್ಟಿ ಹಾಕದ ಹೆಲ್ಮೆಟ್ಟು ನಿಮಗಿಂತ ಮೊದಲು ರಸ್ತೆ ಸೇರುತ್ತದೆ.

ಪ್ರಶ್ನೆ: ಕಾರ್ಖಾನೆಯಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟನ್ನೇ ಬೈಕಿಗೂ ಹಾಕಬಹುದೇ? ಇನ್ನು ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರಿಗೆ ಯಾವ ಹೆಲ್ಮೆಟ್ಟು ಸರಿ? (ಭದ್ರಾವತಿ, ಕೊಪ್ಪ)

ಉತ್ತರ: ಬೈಕಿಗೆ ಬೇಡ. ಅದರೊಳಗೆ ಥರ್ಮಾಕೋಲಿಲ್ಲ. ಪಟ್ಟಿಗಳ ತೊಟ್ಟಿಲಿನಲ್ಲಿ ತಲೆ ಕೂತಿರುತ್ತದೆ, ಚಿಪ್ಪಿಗೂ ನೆತ್ತಿಗೂ ನಡುವೆ ಗಾಳಿ. ಮೇಲಿನಿಂದ ಬಿದ್ದ ವಸ್ತುವಿನ ಭಾರಕ್ಕೆ ಪಟ್ಟಿಗಳು ಹಿಗ್ಗುತ್ತವೆ. ಬದಿಯಿಂದ ಬಂದ ಪೆಟ್ಟಿಗೆ ಅಲ್ಲಿ ಏನೂ ಇಲ್ಲ. ನಮ್ಮಲ್ಲಿ ಇದರ ಮಾನದಂಡದ ಸಂಖ್ಯೆ ಐಎಸ್ 2925, ಬೈಕಿನದರದು ಐಎಸ್ 4151. ಎರಡರಲ್ಲೂ ಐಎಸ್‌ಐ ಗುರುತು ಇರುತ್ತದೆ, ಸಂಖ್ಯೆ ನೋಡಿ ಕೊಳ್ಳಿ.

ಕೊನೆ ಕೊಯ್ಲಿನಲ್ಲಿ ಕೆಳಗಿರುವವರಿಗೆ ಆ ಹಳದಿ ಹೆಲ್ಮೆಟ್ಟು ಒಂದು ಮಿತಿಯವರೆಗೆ ಸರಿ. ಯುರೋಪಿನ ಪರೀಕ್ಷೆಯಲ್ಲಿ 5 ಕಿಲೋ ಗುಂಡನ್ನು ಒಂದು ಮೀಟರಿನಿಂದ ಬಿಡುತ್ತಾರೆ, 49 ಜೌಲ್. ಬಿಡಿ ಹಸಿ ಅಡಿಕೆ 40 ಗ್ರಾಂ ಎಂದರೂ 12 ಮೀಟರಿನಿಂದ ಬಿದ್ದಾಗ 5 ಜೌಲ್ ಒಳಗೇ, ತೊಂದರೆಯಿಲ್ಲ. 5 ಕಿಲೋದ ಇಡೀ ಕೊನೆ ಕೆಳಗಿಳಿಸುವ ಹಗ್ಗದಿಂದ ತಪ್ಪಿ ಬಿದ್ದರೆ ಹತ್ತಿರ ಹತ್ತಿರ 590 ಜೌಲ್. ಪರೀಕ್ಷೆಯ ಹನ್ನೆರಡು ಪಟ್ಟು! ಹೆಲ್ಮೆಟ್ಟಿದೆ ಎಂದು ಮರದ ಬುಡದಲ್ಲಿ ನಿಲ್ಲಬಾರದು.

ಮರದಲ್ಲಿರುವ ಕೊನೆಗಾರರ ಮಾತು ಬೇರೆ. 12 ಮೀಟರಿನಿಂದ ಬಿದ್ದವರು ನೆಲ ಮುಟ್ಟುವಾಗ ವೇಗ ಗಂಟೆಗೆ 55 ಕಿ.ಮೀ., ಯಾವ ಹೆಲ್ಮೆಟ್ಟಿಗೂ ಮೀರಿದ್ದು. ಅಲ್ಲಿ ಮೊದಲು ಬೇಕಾದದ್ದು ಸೊಂಟ, ತೊಡೆ ಹಿಡಿಯುವ ಬೆಲ್ಟು ಮತ್ತು ಮರಕ್ಕೆ ಸುತ್ತಿದ ಹಗ್ಗ. ಜಾರಿದಾಗ ತಲೆ ಪಕ್ಕದ ಮರಕ್ಕೆ ಬಡಿಯದಿರಲು ಗಲ್ಲಪಟ್ಟಿಯಿರುವ, ಬದಿಗೂ ಫೋಮ್ ಇರುವ, ಬಂಡೆ ಹತ್ತುವವರ ಹೆಲ್ಮೆಟ್ಟು ಕೊಡಿಸಿ. ಹಗುರ, ಕತ್ತೆತ್ತಿ ನೋಡಲು ಅಡ್ಡಿಯಿಲ್ಲ. ಅಡಿಕೆ ಹಾಳೆಯ ಟೊಪ್ಪಿ ಬಿಸಿಲಿಗೆ, ಸೊನೆಗೆ ಒಳ್ಳೆಯದು, ಅಷ್ಟೇ.

ಪ್ರಶ್ನೆ: ರಸ್ತೆ ಬದಿಯ ಹೆಲ್ಮೆಟ್ಟಿಗೂ ಐಎಸ್‌ಐ ಗುರುತಿದೆ. ಹೇಗೆ ಗುರುತಿಸುವುದು? (ಶಿಕಾರಿಪುರ)

ಉತ್ತರ: 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ಟು ಮಾರುವಂತಿಲ್ಲ, ಹಾಗಾಗಿ ಗುರುತು ಎಲ್ಲದರ ಮೇಲೂ ಬಂದಿದೆ. ಗುರುತಿನ ಮೇಲೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ಕಂಪನಿಯ ಹೆಸರು, ವಸ್ತು, ಪರವಾನಗಿ ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ. ಹೆಸರು ಹೊಂದದಿದ್ದರೆ ನಕಲಿ. ನಂತರ ಒಳಬಟ್ಟೆ ಸರಿಸಿ ನೋಡಿ. ಥರ್ಮಾಕೋಲು ನೆತ್ತಿಯಲ್ಲಷ್ಟೇ ಇದ್ದು ಕಪಾಲದ ಬದಿಗೆ ಇಳಿದಿಲ್ಲವೇ? ಅಂಚನ್ನು ಉಜ್ಜಿದರೆ ಕಾಳು ಕಾಳಾಗಿ ಉದುರುತ್ತದೆಯೇ? ಬೇಡ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಸೈಕಲ್ ಹೆಲ್ಮೆಟ್ಟು ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಆಗುತ್ತದೆ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ಟು, ಅಥವಾ ಇಎನ್ 1078, ಇಎನ್ 1080 ಎಂಬ ಯುರೋಪಿನ ಮಾನದಂಡದ ಗುರುತಿನ ಸೈಕಲ್ ಹೆಲ್ಮೆಟ್ಟು ಸಾಕೆಂದು ಕೇಂದ್ರದ ನಿಯಮವೇ ಹೇಳುತ್ತದೆ. ಜೊತೆಗೆ ಮಗುವನ್ನು ಸವಾರರಿಗೆ ಬಿಗಿಯುವ ಬೆಲ್ಟು ಬೇಕು, ವೇಗ 40 ದಾಟಬಾರದು. ದೊಡ್ಡವರ ಹೆಲ್ಮೆಟ್ಟಿಗೆ ಟವೆಲ್ ತುರುಕಿ ಹಾಕಿಸಬೇಡಿ. ಎಳೆಯ ಕುತ್ತಿಗೆಗೆ ಆ ಭಾರವೇ ಅಪಾಯ.

ಪ್ರಶ್ನೆ: ಚಳಿಗಾಲದ ಇಬ್ಬನಿಗೆ ಮಂಕಿ ಕ್ಯಾಪ್ ಹಾಕಿ ಅದರ ಮೇಲೆ ಹೆಲ್ಮೆಟ್ಟು ಹಾಕುತ್ತೇನೆ. ಸರಿಯೇ? (ಆಗುಂಬೆ)

ಉತ್ತರ: ಉಣ್ಣೆಯ ದಪ್ಪ ಟೊಪ್ಪಿ ಪೆಟ್ಟು ಬಿದ್ದಾಗ ಕುಸಿದು ಜಾರುತ್ತದೆ, ಹೆಲ್ಮೆಟ್ಟು ತಲೆಯ ಮೇಲೆ ತಿರುಗಿಬಿಡುತ್ತದೆ. ಅದಕ್ಕೆಂದೇ ಒಂದು ಅಳತೆ ದೊಡ್ಡ ಹೆಲ್ಮೆಟ್ಟು ಕೊಂಡರೆ ಬೇಸಗೆಯಲ್ಲಿ ಅದು ಬಿಂದಿಗೆಯಂತೆ ಕುಣಿಯುತ್ತದೆ. ಸವಾರರಿಗೆಂದೇ ಸಿಗುವ ತೆಳು ಹತ್ತಿಯ ಮುಖಗವಸು ಹಾಕಿಕೊಳ್ಳಿ, ಕುತ್ತಿಗೆಗೆ ಮಫ್ಲರು ಸುತ್ತಿ ತುದಿಯನ್ನು ಜರ್ಕಿನ್ನಿನೊಳಗೆ ಸೇರಿಸಿ. ಮಂಕಿ ಕ್ಯಾಪು ಗಾಡಿ ಇಳಿದ ಮೇಲೆ.